ಷಡ್ಡಕನ ಬೋಟು, ನನ್ನ ರೇಟು

ಹಳೆ ಟ್ರ್ಯಾಕ್ಟರ್ ಕೊಂಡು ಮಾರುವ ನನ್ನಂಥವನ ಬದುಕಿನಲ್ಲಿ ನಗೆಪಾಟಲಿಗೇನೂ ಬರವಿಲ್ಲ. ವ್ಯಾಪಾರ ಕುದುರಿದರೂ ಒಂದು ಪ್ರಸಂಗ, ಮುರಿದರೂ ಒಂದು ಪ್ರಸಂಗ. ಆದರೆ ಮೂಡಲಗಿಯಲ್ಲಿ ಕೂತು ಸುತ್ತ ಹತ್ತೂರಿನ ಟ್ರ್ಯಾಕ್ಟರಿಗೆ ರೇಟು ಕಟ್ಟುವ ನಾನು ಹಳೆಯದೊಂದು ಮೋಟರ್ ಬೋಟಿಗೆ ರೇಟು ಕಟ್ಟಲು ಹೋದದ್ದು ವ್ಯಾಪಾರಕ್ಕಲ್ಲ, ಶುದ್ಧ ಹೊಟ್ಟೆಕಿಚ್ಚಿಗೆ.

ತಲೆ ತಿರುಗುವ ಫೋಟೋ

ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ಹುಕ್ಕೇರಿಯವನು. ಅವನು ಮನೆಗೆ ಮಾಳಿಗೆ ಏರಿಸಿದ, ನಾನೂ ಏರಿಸಿದೆ. ಅವನು ಬಿಳಿ ಬೂಟು ಹಾಕಿದ, ನಾನೂ ಹಾಕಿದೆ. ಗ್ಯಾರೇಜಿನ ಆಯಿಲಿಗೆ ನನ್ನವು ಮಧ್ಯಾಹ್ನದೊಳಗೆ ಕಪ್ಪಾದವು. ಅದನ್ನೂ ಸಹಿಸಿಕೊಂಡೆ. ಅಷ್ಟರಲ್ಲಿ ಅವನು ಎಲ್ಲಿಂದಲೋ ಒಂದು ಮೋಟರ್ ಬೋಟು ತಂದು ಹಿಡಕಲ್ ಡ್ಯಾಮಿನ ಹಿನ್ನೀರಿಗೆ ಇಳಿಸಿಬಿಟ್ಟ.

ಅಂದಿನಿಂದ ಪ್ರತಿ ಭಾನುವಾರ ಹೆಂಡತಿಯ ಮೊಬೈಲಿಗೆ ಅಕ್ಕನ ಫೋಟೋ ಬರತೊಡಗಿದವು. ಅಕ್ಕ ಬೋಟಿನಲ್ಲಿ ಕೂತದ್ದು, ನಿಂತದ್ದು, ಗಾಳಿಗೆ ಸೆರಗು ಹಾರಿಸಿದ್ದು. ನಾನು ಒಂದನ್ನೂ ನೋಡಲಿಲ್ಲ. ನೋಡಿದರೆ ಉಂಡದ್ದು ಅರಗುತ್ತಿರಲಿಲ್ಲ.

"ಒಂದ್ ಸಲ ನೋಡ್ರಿ, ಎಷ್ಟ್ ಛಂದ ಐತಿ" ಎಂದಳು ಹೆಂಡತಿ.

"ಬ್ಯಾಡ. ಬೋಟ್ ಅಂದ್ರ ನನಗ ತಲಿ ತಿರಗತೈತಿ."

"ಫೋಟೋದಾಗಿಂದು ಸೈತ ತಿರಗತೈತೇನ್ರಿ?"

ತುಪ್ಪ ತಡವಾದದ್ದು

ಹೆಂಡತಿಯ ತವರು ಅಂಕಲಗಿ. ಅಲ್ಲಿ ಬಸುರಿಯೊಬ್ಬಳ ಕುಬಸದ ಊಟಕ್ಕೆ ಹೋದಾಗ ನಾನೂ ಷಡ್ಡಕನೂ ಒಂದೇ ಸಾಲಿನಲ್ಲಿ ಕೂತಿದ್ದೆವು. ಅವನು ಬೋಟಿನ ಮಾತು ತೆಗೆದ. ಇಡೀ ಸಾಲು ಹೋಳಿಗೆ ಬಿಟ್ಟು ಅವನ ಬಾಯಿಯನ್ನೇ ನೋಡತೊಡಗಿತು. ಕೊನೆಗೆ ನಮ್ಮ ಮಾವನವರು ತುಪ್ಪದ ತಂಬಿಗೆ ಹಿಡಿದು ನನ್ನನ್ನು ದಾಟಿ ಹೋಗಿ ಮೊದಲು ಅವನಿಗೆ ಬಡಿಸಿದರು.

ನನ್ನ ಹೊಟ್ಟೆಯೊಳಗೆ ಬೆಂಕಿ ಬಿತ್ತು. "ನಿಮ್ಮದರಕಿಂತ ಛಲೋ ಬೋಟು, ನೀವು ಕೊಟ್ಟ ರೇಟಿನ ಅರ್ಧದಾಗ ತರತೇನಿ. ತರದಿದ್ರ ನನ್ನ ಗ್ಯಾರೇಜಿನ ಬೋರ್ಡ ಇಳಸ್ತೇನಿ!" ಎಂದು ಕೂಗಿಬಿಟ್ಟೆ.

ಮಾವನವರು ಗಾಬರಿಯಿಂದ ಓಡಿ ಬಂದು, "ತುಪ್ಪಾ ಬೇಕಿದ್ರ ಹಂಗ ಕೇಳಬಾರದೇನ್ರಿ ಅಳಿಯಂದಿರ?" ಎಂದು ತಂಬಿಗೆಯನ್ನೇ ಬೋರಲು ಹಾಕಿದರು.

ಬಾಯಿಚಟ

ನಿಡಸೋಸಿಯ ಹತ್ತಿರ ಒಬ್ಬ ಗುತ್ತಿಗೆದಾರರು ಹಳೆ ಬೋಟು ಮಾರುತ್ತಾರೆಂದು ತಿಳಿಯಿತು. ಹೋಗಿ ನೋಡಿದರೆ ಅದು ಕಬ್ಬಿನ ಗದ್ದೆಯ ದಂಡೆಯಲ್ಲಿ, ಎಳೆದೊಯ್ಯುವ ಒಂದು ಟ್ರಾಲಿಯ ಮೇಲೆ ಕೂತಿತ್ತು. ಬೋಟಿನಲ್ಲಿ ಏನು ನೋಡಬೇಕೋ ನನಗೆ ತಿಳಿಯದು. ಹಾಗಂತ ರೇಟು ಕಟ್ಟುವವನು ಬಾಯಿ ಮುಚ್ಚಿಕೊಂಡು ನಿಲ್ಲಲಾದೀತೇ?

"ಟೈರ್ ಸವದಾವು" ಎಂದೆ. "ಹೊಸಾವ ಅದಾವ್ರಿ" ಎಂದರು ಅವರು. ಅಲ್ಲಿಂದ ನಾನು ನೀರಿಗೆ ಬಿದ್ದ ಮೀನಾದೆ. ಅಚ್ಚು ಬಾಗಿದೆ ಎಂದೆ, ಬೇರಿಂಗ್ ಕೂಗುತ್ತದೆ ಎಂದೆ, ಕೊಂಡಿಯ ವೆಲ್ಡಿಂಗ್ ಕಚ್ಚಾ ಎಂದೆ. ನಾನು ಒಂದೊಂದು ತಪ್ಪು ಹೇಳಿದಂತೆ ಅವರು ರೇಟು ಇಳಿಸುತ್ತ ಬಂದರು. ಷಡ್ಡಕನ ರೇಟಿನ ಕಾಲು ಭಾಗಕ್ಕೂ ಕೆಳಗೆ ಇಳಿಯಿತು! ಕೈ ಕೊಟ್ಟು ಪಕ್ಕಾ ಮಾಡಿದೆ, ಚಹಾ ಕುಡಿದೆವು. ಮನಸ್ಸಿನಲ್ಲೇ ಷಡ್ಡಕನ ಮುಖ ಕಪ್ಪಾಗುವುದನ್ನು ನೋಡಿ ಆನಂದಪಟ್ಟೆ.

ಅವರು ಎದ್ದು ಹೋಗಿ ನಾಲ್ಕು ಆಳುಗಳನ್ನು ಕರೆತಂದು ಬೋಟನ್ನು ಕೆಳಗೆ ಇಳಿಸತೊಡಗಿದರು.

"ಇದೇನ್ರಿ, ಬೋಟ್ ಯಾಕ ಇಳಸಾಕತ್ತೀರಿ?"

"ಟ್ರಾಲಿ ಒಯ್ಯಾಕ ಬೇಕಲ್ರಿ ನಿಮಗ. ಬೋಟಿನ ಮಾತು ನೀವು ತಗದಽ ಇಲ್ಲಲ್ಲ!"

ಎಮ್ಮೆಯ ದೋಣಿ

ಎಂಜಿನ್ ಚಾಲೂ ಮಾಡಿ ನೋಡದೆ ಬೋಟಿನ ರೇಟು ಮಾತಾಡಬಾರದೆಂದು ಯಾರೋ ಬುದ್ಧಿ ಹೇಳಿದರು. ತುಕ್ಕಾನಟ್ಟಿಯ ರೈತರೊಬ್ಬರು ಮೀನು ಸಾಕುವ ಹುಮ್ಮಸ್ಸಿನಲ್ಲಿ ತಂದ ಬೋಟು ಕೊಟ್ಟಿಗೆಯ ಪಕ್ಕದಲ್ಲಿ ಬಿದ್ದಿತ್ತು. ಅದರ ಎಂಜಿನ್ ಚಾಲೂ ಆಗಬೇಕಾದರೆ ಕೆಳಗಿನ ಫ್ಯಾನು ನೀರಿನಲ್ಲಿ ಮುಳುಗಿರಬೇಕಂತೆ. ನೀರು ಇದ್ದದ್ದು ಎಮ್ಮೆಗೆ ಕುಡಿಯಲಿಟ್ಟ ಕಲ್ಲಿನ ತೊಟ್ಟಿಯಲ್ಲಿ, ನಮ್ಮ ಕಡೆ ಅದಕ್ಕೂ ದೋಣಿ ಎನ್ನುತ್ತಾರೆ. ಎಮ್ಮೆಯೂ ಅಲ್ಲೇ ಇತ್ತು.

ಎಂಜಿನ್ ಬಿಚ್ಚಿ ದೋಣಿಯ ಅಂಚಿಗೆ ಬಿಗಿದು ಹಗ್ಗ ಜಗ್ಗಿದೆ. ಹೊಗೆ ಬಂತು. ಇನ್ನೊಮ್ಮೆ ಜಗ್ಗಿದೆ. ಆಮೇಲಿನದು ನನಗೆ ಕಾಣಲಿಲ್ಲ, ಯಾಕೆಂದರೆ ದೋಣಿಯ ನೀರೆಲ್ಲ ನನ್ನ ಮುಖದ ಮೇಲಿತ್ತು. ಕಣ್ಣು ಒರೆಸಿಕೊಂಡಾಗ ದೋಣಿ ಬರಿದಾಗಿತ್ತು, ಗೂಟ ಕಿತ್ತುಹೋಗಿತ್ತು, ದೂರದಲ್ಲಿ ಧೂಳು ಏಳುತ್ತಿತ್ತು.

ನಾನು ಅನುಭವಿಯ ಗತ್ತಿನಲ್ಲಿ, "ಎಂಜಿನ್ ಜೋರ್ ಐತಿ. ರೇಟ್ ಏನ್ ಮಾಡ್ತೀರಿ?" ಎಂದೆ.

ಆ ರೈತರ ತಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದೆ ಬಂದರು. "ರೇಟ್ ಆಮ್ಯಾಲ ಮಾತಾಡೂಣು. ಮೊದಲ ಹೋಗಿ ಎಮ್ಮಿ ಹಿಡಕೊಂಡ್ ಬಾ. ಸಂಜಿಗೆ ಹಾಲ ಕೊಡಲಿಲ್ಲಂದ್ರ ನಿನ್ನ ಗೂಟಕ್ಕ ಕಟ್ಟತೇನಿ!"

ಟವೆಲ್ಲಿನ ಕೆಳಗೆ

ಕೊನೆಗೆ ಗೋಕಾಕಿನ ದಲಾಲಿಯೊಬ್ಬ ಫೋನ್ ಮಾಡಿದ. ಹುಟ್ಟಾ ದನದ ದಲಾಲಿ, ಈಗ ಸಿಕ್ಕದ್ದನ್ನೆಲ್ಲ ಮಾರುತ್ತಾನೆ. ಅವನ ಶೆಡ್ಡಿನಲ್ಲಿ ಕೆಂಪು ಪಟ್ಟಿಯ ಬೋಟೊಂದು, ಸೀಟು ಹರಿದಿದ್ದರೂ, ಮಿರಿಮಿರಿ ಮಿಂಚುತ್ತಿತ್ತು. ನನಗೆ ಮೊದಲ ನೋಟಕ್ಕೇ ಹಿಡಿಸಿತು. ರೇಟನ್ನು ಬಾಯಿಂದ ಹೇಳುವುದು ಅವನ ಪದ್ಧತಿಯಲ್ಲ. ದನದ ಪೇಟೆಯಂತೆ ಟವೆಲ್ಲು ಮುಚ್ಚಿ, ಒಳಗೆ ಕೈ ಹಿಡಿದು, ಬೆರಳು ಒತ್ತಿ ಹೇಳಬೇಕು. ಒಂದು ಬೆರಳಿಗೆ ಒಂದು ಲಕ್ಷ.

ಒಂದು ಬೆರಳು ಒತ್ತಿದೆ. ಅವನು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ. "ಹುಕ್ಕೇರಿಯವರು ಇನ್ನೂ ಮ್ಯಾಲ ಹೇಳ್ತಾರ್ರಿ."

ಹುಕ್ಕೇರಿ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. "ಬಿಳಿ ಬೂಟ್ ಹಾಕ್ತಾರೇನು?"

"ಹೌದ್ರಿ. ಈ ಬೋಟಿನ ಮ್ಯಾಲ ಅವರದು ಭಾಳ ಜೀವ."

ಅಂದರೆ ಷಡ್ಡಕ ಇದನ್ನೂ ಹೊಡೆಯಲು ಹೊಂಚು ಹಾಕಿದ್ದಾನೆ! ಒಂದು ಬೋಟು ಸಾಲದೆ ಎರಡನೆಯದು! ಅರ್ಧ ರೇಟಿನ ಮಾತು, ಗ್ಯಾರೇಜಿನ ಬೋರ್ಡು ಎಲ್ಲ ಮರೆತೇಹೋಯಿತು. ಬೋಟು ನನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವನಿಗೆ ಸಿಗಬಾರದು. ಒಂದೇ ಸಲಕ್ಕೆ ಮೂರು ಬೆರಳು ಒತ್ತಿದೆ. ಮತ್ತೆ ಫೋನ್. "ಇನ್ನೂ ಮ್ಯಾಲ." ನಾಲ್ಕು. "ಇನ್ನೂ ಮ್ಯಾಲ." ಐದೂ ಬೆರಳು ಒತ್ತಿದೆ. ಅಷ್ಟಕ್ಕೂ ಹುಕ್ಕೇರಿಯವರು ಒಪ್ಪಲಿಲ್ಲ. ತಡೆಯಲಾಗದೆ ಎಡಗೈಯನ್ನೂ ಒಳಗೆ ತುರುಕಿ ಇನ್ನೊಂದು ಬೆರಳು ಒತ್ತಿದೆ.

ದಲಾಲಿ ಫೋನ್ ಮಾಡಿ ಬಂದು ನನಗೆ ಕೈ ಮುಗಿದ. "ನಿಮಗಽ ಆತ್ರಿ. ನಮ್ಮಪ್ಪನ ಕಾಲದಿಂದ ಈ ಧಂದೆ ಐತಿ. ಟವೆಲ್ಲಿನೊಳಗ ಎರಡೂ ಕೈ ಹಾಕಿದ ಗಿರಾಕಿನ್ನ ಇವತ್ತಽ ನೋಡಿದ್ದು!"

ಮೊದಲ ಸಲ ನೋಡಿದ್ದು

ಬೋಟನ್ನು ಹಿನ್ನೀರಿಗೆ ಇಳಿಸಿ, ಹಾರ ಹಾಕಿ, ಹೆಂಡತಿಯ ಕಣ್ಣು ಮುಚ್ಚಿಸಿ ದಂಡೆಗೆ ಕರೆತಂದೆ. "ಈಗ ತಗಿ" ಎಂದೆ.

ಅವಳು ಕಣ್ಣು ತೆಗೆದಳು. "ಅಯ್ಯ, ಅಕ್ಕನ ಬೋಟು! ಅವರೂ ಬಂದಾರೇನ್ರಿ?"

"ಇದು ನಂದು."

ಅವಳು ಮೊಬೈಲ್ ತೆಗೆದು ಇಷ್ಟು ದಿನ ನಾನು ನೋಡದಿದ್ದ ಫೋಟೋವನ್ನು ನನ್ನ ಮೂಗಿನ ಮುಂದೆ ಹಿಡಿದಳು. ಅದೇ ಕೆಂಪು ಪಟ್ಟಿ, ಅದೇ ಹರಿದ ಸೀಟು. ನನ್ನ ಬೋಟಿನ ಸೀಟಿನ ಮೇಲೆ ಕೂತ ಅಕ್ಕನೊಬ್ಬಳು ಇರಲಿಲ್ಲ, ಅಷ್ಟೇ. ಹುಕ್ಕೇರಿಯವರು ಹೇಳುತ್ತಿದ್ದದ್ದು ಕೊಳ್ಳುವ ರೇಟಲ್ಲ, ಮಾರುವ ರೇಟು ಎಂಬುದು ಆಗ ನನ್ನ ತಲೆಗೆ ಹೋಯಿತು. ಈ ಸಲ ತಲೆ ನಿಜವಾಗಿಯೂ ತಿರುಗಿತು.

ಹೆಂಡತಿ ಷಡ್ಡಕನಿಗೆ ಫೋನ್ ಹಚ್ಚಿ, ಸ್ಪೀಕರ್ ಮಾಡಿ, ಬೋಟು ಕೊಂಡವರು ಯಾರೆಂದು ಹೇಳಿದಳು. ಅತ್ತ ಅವನು ಬಿದ್ದು ಬಿದ್ದು ನಕ್ಕ. "ಎರಡೂ ಕೈ ಹಾಕಿದ ಗಿರಾಕಿ ನೀವಽ ಏನ್ರಿ? ಅರ್ಧ ರೇಟಿಗೆ ತರತೇನಿ ಅಂದಿದ್ರಿ, ನಾ ಕೊಟ್ಟದ್ದರ ಡಬಲ್ ಕೊಟ್ಟೀರಿ. ಇರ್ಲಿ, ಬೋರ್ಡ ಇಳಸಬ್ಯಾಡ್ರಿ, ನಿಮ್ಮ ಗ್ಯಾರೇಜ ನಡದ್ರ ನನಗ ಛಲೋ. ನಿಮ್ಮ ರೊಕ್ಕದಾಗ ಓಟದ ಶರ್ಯತ್ತಿನ ಕುದುರಿ ತಗೊಂಡೇನಿ. ಫೋಟೋ ಕಳಸೇನಿ, ನೋಡ್ರಿ!"

ಕುದುರೆ! ನನ್ನ ಹೊಟ್ಟೆಯೊಳಗೆ ಮತ್ತೆ ಹೊತ್ತಿಕೊಂಡಿತು. ಮೊಬೈಲ್ ಟಿಣ್ ಎಂದಿತು. ನಾನು ಥಟ್ಟನೆ ಮುಖ ತಿರುಗಿಸಿ, "ಕುದುರಿ ಅಂದ್ರ ನನಗ ತಲಿ ತಿರಗತೈತಿ" ಎಂದೆ.

ಹೆಂಡತಿ ನನ್ನ ಗದ್ದ ಹಿಡಿದು ಮುಖವನ್ನು ಮೊಬೈಲಿನತ್ತ ತಿರುಗಿಸಿದಳು. "ಸರಿಯಾಗಿ ನೋಡಿ ಗುರ್ತ ಇಟ್ಕೋರಿ. ಇಲ್ಲಂದ್ರ ಬರೂ ವರ್ಷ ಇದನ್ನೂ ನೀವಽ ತರತೀರಿ!"