ಲೈಬ್ರರಿಯವರು ಎತ್ತಿಟ್ಟ ನನ್ನ ಬೈಗುಳ

ನನ್ನ ದನಿ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳಬೇಕು, ಮನೆಯಲ್ಲಿ ಯಾರೂ ಹೇಳುವುದಿಲ್ಲ. ಸೇಲಂನ ಲೈಬ್ರರಿಯವರು ನಮ್ಮ ಬೀದಿಗೆ ಬಂದು, ನೇಯುವವರ ಕನ್ನಡವನ್ನು ಕಂಪ್ಯೂಟರಿನಲ್ಲಿ ಬಹುಕಾಲ ಕಾಪಾಡುತ್ತೇವೆ, ನಿಮ್ಮ ಫೋನಿನಲ್ಲಿ ಇರುವುದನ್ನು ಕೊಡಿ ಎಂದರು. ನಾನು ಹಾಡಿದ ದೇವರ ಹಾಡುಗಳು ಫೋನಿನ ತುಂಬ ಇದ್ದವು. ಎತ್ತಿಕೊಂಡು ಹೋದೆ.

ಅಲ್ಲಿ ಹೇಮಾ ಎಂಬ ಹುಡುಗಿ ಕುಳಿತಿದ್ದಳು. ನಮ್ಮ ಮಾತೇ ಆಡುತ್ತಾಳೆ, ಅರ್ಧ ತಮಿಳು; ಅಜ್ಜಿಗೆ ಪಾಟಿ ಎನ್ನುತ್ತಾಳೆ.

"ಯಾವ್ದು ಕೊಡ್ತೀರ ಪಾಟಿ?"

"ಎಲ್ಲಾ ಎತ್ಕಮ್ಮಾ."

"ಊರೆಲ್ಲಾ ಕೇಳ್ತದೆ. ಪರವಾಯಿಲ್ಲಯಾ?"

"ಕೇಳ್ಲಿ. ಅದ್ಕೇ ತಾನೆ ಬಂದಿರೋದು."

ಆಗಲೇ ನನ್ನ ಬಾಯಿಗೆ ಹೊಲಿಗೆ ಹಾಕಬೇಕಿತ್ತು.

ಮತ್ತೆ ಹೋದಾಗ ಹೇಮಾ ಹಾಡುಗಳನ್ನೆಲ್ಲ ಬಿಟ್ಟಿದ್ದಳು. ಇಟ್ಟುಕೊಂಡದ್ದು ಒಂದೇ, ತಾರಮಂಗಲಂನಲ್ಲಿರುವ ನನ್ನ ಅಕ್ಕನಿಗೆ ಕಳಿಸಿದ್ದ ವಾಯ್ಸ್ ಮೆಸೇಜು. ನನ್ನ ಓರಗಿತ್ತಿ ಚೌಡಮ್ಮ ನನ್ನ ಮಗ್ಗಕ್ಕೆ ಅಚ್ಚು ಕೆಚ್ಚಿದ್ದಳು, ಅಂದರೆ ಮುಗಿದ ಹಾಸಿನ ಎಳೆಗಳಿಗೆ ಹೊಸ ಎಳೆ ಹೊಸೆದು ಸೇರಿಸಿದ್ದಳು. ಆ ಕೆಲಸವನ್ನು ಎಳೆ ಎಳೆಯಾಗಿ ಬೈದು ಕಳಿಸಿದ್ದೆ.

"ದೇವ್ರ ಆಡು ಯಾಕೆ ಬಿಟ್ಟೆ?"

"ಅದನ್ನ ನೂರು ಜನ ಆಡಿ ಇಟ್ಟವ್ರೆ ಪಾಟಿ. ಎಲ್ಲಾ ಇಟ್ಕಳಕ್ಕೆ ಜಾಗ ಇಲ್ಲ. ಬೇರೆ ಎಲ್ಲೂ ಸಿಕ್ದೇ ಇರೋದನ್ನ ಎತ್ತಿಡ್ತೀವಿ. ಕೆಚ್ಚೋ ಕೆಲಸದ ಮಾತು ಇಷ್ಟೊಂದು ಯಾರ ಬಾಯಲ್ಲೂ ಬಂದಿಲ್ಲ."

"ತೆಗ್ದಾಕು. ಅವಳು ಕೇಳಿದ್ರೆ ನನ್ ಮಗ್ಗ ನಿಂತೋಯ್ತದೆ. ಬೀದೀಲಿ ಕೆಚ್ಚೋಳು ಅವಳೊಬ್ಬಳೇ."

"ಸರಿ, ತೆಗೀತೀನಿ. ಆಮೇಲೆ ನಿಮ್ದು ಅಂತ ಏನೂ ಇರಲ್ಲ."

ಏನೂ ಇರುವುದಿಲ್ಲ ಎಂದರೆ ಮನಸ್ಸು ಒಪ್ಪಲಿಲ್ಲ. ಚೌಡಮ್ಮ ಲೈಬ್ರರಿ ಮೆಟ್ಟಿಲು ಹತ್ತುವವಳಲ್ಲ. "ಇರ್ಲಿ ಬಿಡು" ಎಂದು ಬಂದೆ.

ಅವಳು ಹತ್ತಬೇಕಾಗಿಯೇ ಇರಲಿಲ್ಲ. ಲೈಬ್ರರಿಯಲ್ಲಿ ಇಟ್ಟದ್ದನ್ನು ಮನೆಯಲ್ಲಿ ಕುಳಿತು ಫೋನಿನಲ್ಲೇ ಕೇಳಬಹುದಂತೆ. ಹಾಸು ಮುಗಿದು ಅವಳನ್ನು ಕರೆಯಲು ಹೋದರೆ, ಅವಳ ಮನೆಯೊಳಗಿಂದ ನನ್ನ ದನಿಯೇ ಕೇಳಿಸಿತು. ಚೆನ್ನಾಗಿಯೇ ಇತ್ತು.

"ವಾ ಅಕ್ಕಾ" ಎಂದು ಒಳಗೆ ಕರೆದಳು ಚೌಡಮ್ಮ. "ಕೋಳಿ ಕೆದರ್ದಂಗೆ ಕೆಚ್ತೀನಾ ನಾನು?"

"ನಾ ಅಂಗಂದಿಲ್ಲ ಕಣೇ."

"ಅಂದಿದೀಯ. ಇನ್ನೊಂದ್ಸಲ ಆಕ್ಲಾ?"

ಬೇಡ ಎಂದೆ. ಹಾಕಿದಳು.

ಕೊನೆಗೆ ನಾನೇ ಕೆಚ್ಚಲು ಕುಳಿತೆ. ಕಣ್ಣು ಮಬ್ಬು, ಬೆರಳು ಮಾತು ಕೇಳುವುದಿಲ್ಲ. ಲಾಳಿ ಓಡಿಸಿದ ಕೂಡಲೇ ಸೇರಿಸಿದ ಎಳೆಗಳೆಲ್ಲ ಬಿಟ್ಟುಕೊಂಡವು. ಕಾಲಾದರೂ ಹಿಡಿಯೋಣವೆಂದು ಹೋದರೆ ಅವಳ ಮನೆಗೆ ಬೀಗ. ಸಂಜೆ ಹೇಮಾಳ ಫೋನು ಬಂತು.

"ಪಾಟಿ, ನಿಮ್ಮ ಓರಗಿತ್ತಿ ಬಂದು ನಿಮ್ ಬೈಗುಳಕ್ಕೆ ಪದಿಲು ಕೊಟ್ಟೋದ್ರು. ನೀವು ಎಂಗೆ ನೇಯ್ತೀರ ಅಂತ. ಸೂಪರ್ ಆಗೈತೆ. ಅದನ್ನೂ ಎತ್ತಿಟ್ವಿ."

ಮಗ್ಗ ಇನ್ನೂ ನಿಂತೇ ಇದೆ. ಚೌಡಮ್ಮನ ಜೊತೆ ಒಂದು ಮನೆಯಲ್ಲಿ ಇರಲಾರೆ ಎಂದು ಆ ಕಾಲದಲ್ಲೇ ಬೇರೆ ಒಲೆ ಹೂಡಿದವಳು ನಾನು. ಇನ್ನು ಸತ್ತ ಮೇಲೂ ಕಂಪ್ಯೂಟರಿನೊಳಗೆ ಅವಳ ಪಕ್ಕದಲ್ಲೇ ಇರಬೇಕು. ಅಲ್ಲಿಯೂ ಮಾತು ಅವಳದೇ ಜಾಸ್ತಿ.