ಆಂಜನೇಯನ ಮುಂದೆ ಗಾಳಿ ದೀಪ

ಮನೆಗೆ ಹೊಸ ವಸ್ತು ಬಂದರೆ, ಅದರ ಹಿಂದೆಯೇ ನಗಿಸುವ ಪ್ರಸಂಗಗಳೂ ಬಂದು ಜಗಲಿಯ ಮೇಲೆ ಕೂರುತ್ತವೆ. ನಮಗೂ ಹಾಗೇ ಆಯಿತು.

ಐವತ್ತರ ದಶಕದ ಮಾತು. ಕೆಂಗೇರಿಯ ಹೊರಗೆ ತೋಟದಲ್ಲಿದ್ದ ನಮ್ಮ ಮನೆಯ ತನಕ ಕರೆಂಟಿನ ಕಂಬ ಬಂದಿರಲಿಲ್ಲ. ಅಮ್ಮನ ಕಣ್ಣು ಮಂಜಾಗಿತ್ತು. ದೇವರ ಮನೆಗೆ ಕಿಟಕಿಯಿಲ್ಲ. “ದಿನಾ ಕೈ ಮುಗೀತೀನಿ, ಆಂಜನೇಯನ ಮುಖ ಕಂಡು ವರ್ಷಗಳಾಯ್ತು ಕಣಪ್ಪ. ಕಣ್ಣು ಪೂರ್ತಿ ಹೋಗೋಕೆ ಮುಂಚೆ ಒಂದ್ಸಲ ನೋಡ್ಬೇಕು” ಅಂದಳು. ಅದಕ್ಕೇ ಮಿಲಿಟರಿ ಸಾಮಾನಿನ ಹರಾಜಿನಲ್ಲಿ ಸಿಕ್ಕ, ಗಾಳಿಗೆ ರೆಕ್ಕೆ ತಿರುಗಿ ಕರೆಂಟು ಹುಟ್ಟಿಸುವ ಹಳೆಯ ಗಾಳಿಯಂತ್ರವನ್ನು ತಂದು ಮನೆಯ ಮೇಲೆ ನಿಲ್ಲಿಸಿದೆ. ಬ್ಯಾಟರಿ ಮುದಿಯಾಗಿತ್ತು, ಗಾಳಿ ಬೀಸುವಷ್ಟು ಹೊತ್ತು ಮಾತ್ರ ಬಲ್ಬು ಉರಿಯುತ್ತದೆ ಎಂದು ಮಾರಿದವರು ಹೇಳಿದ್ದರು. ಮೊದಲ ಬೆಳಕು ಶನಿವಾರವೇ ಆಗಬೇಕೆಂದು ಅಮ್ಮ ಹೇಳಿದಳು. ಕಾದೆವು.

ಹೊಟ್ಟೆ ತುಂಬಿದ ಯಂತ್ರ

ಪಕ್ಕದ ಹೊಲದ ರೈತ ಮೊರ ಹಿಡಿದುಕೊಂಡೇ ಬಂದ.

“ಸ್ವಾಮಿ, ರಾಗಿ ತೂರೋಣ ಅಂತ ಬೆಳಗಿಂದ ಕಣದಲ್ಲಿ ನಿಂತಿದೀನಿ. ಎಲೆ ಅಲ್ಲಾಡ್ತಿಲ್ಲ. ಗಾಳಿನೆಲ್ಲ ನಿಮ್ಮ ಯಂತ್ರ ತಿಂತಾ ಇದೆ.”

“ಅದೂ ನಿಂತೇ ಇದೆಯಲ್ಲಪ್ಪ” ಎಂದು ತೋರಿಸಿದೆ.

ಅವನು ತಲೆಯೆತ್ತಿ ಸಾವಕಾಶವಾಗಿ ನೋಡಿ, “ಹೊಟ್ಟೆ ತುಂಬಿರ್ಬೇಕು” ಅಂದ.

ಸಂಡಿಗೆ

ಮಧ್ಯಾಹ್ನ ಅವನ ಹೆಂಡತಿ ಸಂಡಿಗೆಯ ತಟ್ಟೆ ಹೊತ್ತು ಬಂದಳು. “ಅಣ್ಣ, ನಿಮ್ಮ ಫ್ಯಾನು ಒಂಚೂರು ಹಾಕ್ತೀರಾ? ಇದು ಒಣಗ್ತಿಲ್ಲ.”

“ಇದು ಗಾಳಿ ಕೊಡೋದಲ್ಲ ತಾಯಿ, ತಗೊಳ್ಳೋದು. ನಿಮ್ಮ ಯಜಮಾನರನ್ನೇ ಕೇಳಿ.”

“ಅವರ ಮಾತಿಗೆ ಯಾವ ಸಂಡಿಗೆ ಒಣಗಿದೆ?” ಎನ್ನುತ್ತ ಅಂಗಳದಲ್ಲೇ ಹರವಿಕೊಂಡು ಕೂತಳು. ಅಷ್ಟರಲ್ಲಿ ಗಾಳಿ ಎದ್ದಿತು, ರೆಕ್ಕೆ ತಿರುಗಿತು. ಆಕೆ ನನ್ನ ಕಡೆ ನೋಡಿ, “ಮೊದಲೇ ಹಾಕೋಕೆ ಏನಾಗಿತ್ತು ಅಣ್ಣ?” ಅಂದಳು.

ಶನಿವಾರದ ಮುಸ್ಸಂಜೆ

ಶನಿವಾರ ಗಾಳಿ ಭರ್ತಿಯಾಗಿ ಬೀಸಿತು. ನಾನು ಸ್ವಿಚ್ಚಿಗೆ ಕೈಯಿಟ್ಟೆ.

“ಮೊದಲು ಎಣ್ಣೆ ದೀಪ. ಆಮೇಲೆ ನಿನ್ನ ಬಲ್ಬು” ಅಂದಳು ಅಮ್ಮ.

ದೀಪ ಹಚ್ಚಿದೆ. ಆರಿತು. ಮತ್ತೆ ಹಚ್ಚಿದೆ. ಮತ್ತೆ ಆರಿತು. ದೇವರ ಮನೆ ತಲೆಬಾಗಿಲಿಗೆ ನೇರ ಎದುರು.

“ಬಾಗಿಲು ಹಾಕಲೇ ಅಮ್ಮ?”

“ಲಕ್ಷ್ಮಿ ಬರೋ ಹೊತ್ತಲ್ಲಿ ಬಾಗಿಲು ಹಾಕ್ತಾರೇನೋ?”

ಹೆಂಡತಿಯೊಡನೆ ಬೆಳಕು ನೋಡಲು ಬಂದಿದ್ದ ಪಕ್ಕದ ಹೊಲದ ರೈತ ಹೊಸ್ತಿಲಲ್ಲಿ ಗಾಳಿಗೆ ಅಡ್ಡ ನಿಂತ. “ನೀನು ನಿಂತರೂ ಲಕ್ಷ್ಮಿ ಹೆಂಗೆ ಬರ್ತಾಳಪ್ಪ? ಆಚೆ ಸರಿ” ಎಂದು ಅಮ್ಮ ಅವನನ್ನೂ ಸರಿಸಿದಳು. ಗಾಳಿಯಿದ್ದರೆ ದೀಪವಿಲ್ಲ, ದೀಪವಿಲ್ಲದೆ ಬಲ್ಬಿಲ್ಲ, ಗಾಳಿ ನಿಂತರೆ ಎರಡರ ಆಸೆಯೂ ಇಲ್ಲ. ಕೊನೆಗೆ ಆ ದಂಪತಿಗಳೇ ಆಚೆ ಈಚೆ ಕೂತು, ಮೊರಗಳನ್ನು ದೀಪಕ್ಕೆ ಮರೆ ಹಿಡಿದರು. ಅವರ ಉಪಕಾರ ನಾನು ಮರೆತಿಲ್ಲ. ದೀಪ ನಿಂತಿತು. ಸ್ವಿಚ್ಚು ಒತ್ತಿದೆ.

ವಾಯುಪುತ್ರನ ಮುಖಕ್ಕೆ ವಾಯುದೇವರೇ ಬೆಳಕು ಹಿಡಿದಂತಾಯಿತು. ಅಮ್ಮ ಹತ್ತಿರ ಹೋಗಿ ನಿಂತಳು. ಕಣ್ಣು, ಮೂಗು, ಗದೆ, ಬಾಲದ ತುದಿ, ಒಂದೊಂದನ್ನೂ ನೋಡಿದಳು. ದಿನವಿಡೀ ರುಮಾಲು ಸುತ್ತುವ ನಾನು, ದೇವರ ಮುಂದೆಂದು ಅದನ್ನು ತೆಗೆದು ನಿಂತಿದ್ದೆ. ಅಮ್ಮ ತಿರುಗಿ ನನ್ನ ತಲೆ, ಮುಖವನ್ನೂ ಅಷ್ಟೇ ಹೊತ್ತು ನೋಡಿದಳು.

“ಆಂಜನೇಯ ಹಂಗೇ ಇದಾನೆ ಕಣೋ. ನೀನೇ ಮುದುಕ ಆಗೋಗಿದೀಯ.”