ಸಂಕಷ್ಟಿಯ ಚಂದ್ರನೂ ನನ್ನ ಟೆಲಿಸ್ಕೋಪೂ

ಟೆಲಿಸ್ಕೋಪ್ ಕೊಳ್ಳುವುದು ಈರುಳ್ಳಿ ಕೊಂಡಷ್ಟೇ ಸುಲಭ ಎಂದು ನಂಬಿದ್ದೆ. ನೋಡಬೇಕಾದದ್ದು ಚಂದ್ರನನ್ನು, ಅವನೇನು ಸಣ್ಣ ವಸ್ತುವೇ? ಪುರಸೊತ್ತಾದರೆ ಗುರು, ಶನಿ. ಶನಿ ನನ್ನನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದಾನೆ, ಒಮ್ಮೆ ನಾನೂ ಅವನನ್ನು ನೋಡೋಣ ಎಂಬ ಆಸೆ!

ಅಸಲು ಕಾರಣ ನನ್ನ ಅತ್ತೆ. ಪ್ರತಿ ತಿಂಗಳ ಸಂಕಷ್ಟಿಗೆ ಅವರದು ಉಪವಾಸ. ಚಂದ್ರನನ್ನು ನೋಡಿ ಅರ್ಘ್ಯ ಬಿಟ್ಟ ಮೇಲೆಯೇ ಊಟ. ಮದುವೆಯಾದಾಗಿನಿಂದ ಒಂದು ಸಲವೂ ವ್ರತ ತಪ್ಪಿಲ್ಲ. ಈಗ ಸಕ್ಕರೆ ಕಾಯಿಲೆ ಬೇರೆ. ಬನಶಂಕರಿಯ ನಮ್ಮ ಮನೆಯ ಪೂರ್ವಕ್ಕೆ ಅಪಾರ್ಟ್‌ಮೆಂಟ್ ಎದ್ದ ಮೇಲಂತೂ ಚಂದ್ರ ಕಾಣುವಷ್ಟರಲ್ಲಿ ಅವರ ಕೈ ನಡುಗುತ್ತಿರುತ್ತದೆ. ನೋಡಿ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಚಂದ್ರನನ್ನು ಹತ್ತಿರಕ್ಕೆ ತಂದರೆ ಊಟವೂ ಹತ್ತಿರವಾಗುತ್ತದೆ ಎಂದು ತರ್ಕಿಸಿದೆ.

"ಟೆಲಿಸ್ಕೋಪು ಬಿಲ್ಡಿಂಗ್ ತೂರ್ಕೊಂಡು ನೋಡತ್ತೇನ್ರೀ?" ಎಂದಳು ಹೆಂಡತಿ ವನಜ.

"ಸೈನ್ಸು ನಿಂಗೆ ಅರ್ಥ ಆಗಲ್ಲ," ಎಂದೆ. ನನಗೂ ಆಗಿರಲಿಲ್ಲ!

ಜಯನಗರದ ಅಂಗಡಿಯಾತ ಮೊದಲ ಪ್ರಶ್ನೆಯಲ್ಲೇ ನನ್ನನ್ನು ಕೆಡವಿದ. "ಲೆನ್ಸ್‌ದು ಬೇಕಾ ಸಾರ್, ಕನ್ನಡೀದು ಬೇಕಾ?"

"ಚಂದ್ರಂದು ಬೇಕು," ಎಂದೆ.

"ಕನ್ನಡೀದು ಅಂದ್ರೆ ನಿಮ್ಮ ಮುಖಾನೇ ಕಾಣ್ಸಲ್ವಾ?" ಎಂದು ವನಜ ಪಿಸುಗುಟ್ಟಿದಳು. ಅದೇ ಅನುಮಾನ ನನಗೂ ಇತ್ತು, ಗಂಡಸಾದ್ದರಿಂದ ಕೇಳಲಿಲ್ಲ.

ಆತ ಅಗಲ, ಉದ್ದ, ಎಷ್ಟು ಪಟ್ಟು ಎಂದೆಲ್ಲ ವಿವರಿಸಿದ. ನಾನು ತಲೆಯಾಡಿಸಿದೆ. ಕೊನೆಗೆ, "ಇದು ತಗೊಳ್ಳಿ ಸಾರ್. ಟೇಬಲ್ ಟಾಪು, ಪೋರ್ಟಬಲ್ಲು. ಕಂಕುಳಲ್ಲಿ ಇಟ್ಕೊಂಡು ಹೋಗ್ಬಹುದು," ಎಂದ. ಆ ಒಂದು ಮಾತು ಮಾತ್ರ ಅರ್ಥವಾಯಿತು. ಅದನ್ನೇ ಕೊಂಡೆ.

ಸಂಕಷ್ಟಿಯ ಸಂಜೆ ಟೆಲಿಸ್ಕೋಪ್ ಕಂಕುಳಲ್ಲೇ ತಾರಸಿಗೆ ಹೋಯಿತು. ಆದರೆ ಟೇಬಲ್ ಟಾಪ್ ಅಂದರೆ ಕೆಳಗೊಂದು ಟೇಬಲ್ ಬೇಕಲ್ಲ! ಊಟದ ಟೇಬಲ್ ಹೊತ್ತೆವು. ಅದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಅತ್ತೆ ಅದರಡಿ ನುಸುಳಿಕೊಂಡೇ ತಾರಸಿಗೆ ಬಂದರು. ಕಡೆಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಖಗೋಳ ವೀಕ್ಷಣಾಲಯವನ್ನು ವಿಧ್ಯುಕ್ತವಾಗಿ ಸ್ಥಾಪಿಸಲಾಯಿತು.

ಕಣ್ಣಿಟ್ಟೆ. ಕತ್ತಲೆ. ಮುಚ್ಚಳ ತೆಗೆದೆ. ಆಮೇಲೂ ಕತ್ತಲೆಯೇ. ಕೊಳವೆಯನ್ನು ಪೂರ್ವದ ಕಡೆ ಅತ್ತಿತ್ತ ಆಡಿಸುತ್ತಿದ್ದಂತೆ ಬೆಳ್ಳಗೆ, ದುಂಡಗೆ, ಅಗಲವಾಗಿ ಬಂದೇಬಿಟ್ಟ! ನಟ್ಟನಡುವೆ ಒಂದು ಕಪ್ಪು ಮಚ್ಚೆ.

"ಅತ್ತೆ, ಚಂದ್ರ! ಮೊಲಾನೂ ಕಾಣ್ತಿದೆ!"

"ಇಷ್ಟು ಬೇಗನಾ? ಕ್ಯಾಲೆಂಡರಲ್ಲಿ ಒಂಬತ್ತರ ಮೇಲೆ ಅಂತ ಇದೆಯಲ್ಲಾ?"

"ಅದು ಬರಿಗಣ್ಣಿಗೆ ಅತ್ತೆ!"

ಅತ್ತೆ ಕನ್ನಡಕ ತೆಗೆದು, ಬಗ್ಗಿ ನೋಡಿದರು. "ಎಷ್ಟು ಹತ್ರ ಬಂದಿದಾನಪ್ಪಾ!" ಎಂದು ಕೈಮುಗಿದು, ಅರ್ಘ್ಯ ಬಿಟ್ಟು, ಟೇಬಲ್ಲಿನಡಿ ನುಸುಳಿ ಊಟಕ್ಕೆ ಇಳಿದರು. ಅಳಿಯ ಅಂದರೆ ಹೀಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಮತ್ತೊಮ್ಮೆ ಕಣ್ಣಿಟ್ಟೆ.

ಚಂದ್ರ ಫಟ್ಟನೆ ಆರಿಹೋದ!

ತಲೆಯೆತ್ತಿದೆ. ಅಪಾರ್ಟ್‌ಮೆಂಟಿನ ನೆತ್ತಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ವಾಚ್‌ಮನ್ ನಿಂತಿದ್ದ. "ಏನಾಯ್ತಣ್ಣಾ?" ಎಂದು ಕೂಗಿದೆ.

"ಟ್ಯಾಂಕ್ ತುಂಬ್ತು ಸಾರ್, ಲೈಟ್ ಆಫ್ ಮಾಡ್ದೆ!"

ಫೋಕಸ್ ಸರಿಯಿಲ್ಲದಿದ್ದರೆ ಬಲ್ಬೂ ಪೂರ್ಣಚಂದ್ರನಾಗುತ್ತದೆ, ನಡುವಿನ ಮೊಲ ಟೆಲಿಸ್ಕೋಪಿನೊಳಗಿನ ಪುಟ್ಟ ಕನ್ನಡಿಯ ನೆರಳು ಎಂಬ ಜ್ಞಾನ ನನಗೆ ಪ್ರಾಪ್ತವಾದದ್ದು ಆಮೇಲೆ, ಮೊಬೈಲಿನಲ್ಲಿ. ಅಸಲಿ ಚಂದ್ರ ಇನ್ನೂ ಟ್ಯಾಂಕಿನ ಹಿಂದೆಲ್ಲೋ ಸಾವಕಾಶವಾಗಿ ಎದ್ದು ಬರುವುದರಲ್ಲಿದ್ದ.

ಕೆಳಗಿಳಿದೆ. ಟೇಬಲ್ ಮೆಟ್ಟಿಲಲ್ಲಿದ್ದುದರಿಂದ ಅತ್ತೆ ನೆಲದ ಮೇಲೆ ಕೂತು ಅನ್ನ ಕಲೆಸಿ ತಿನ್ನುತ್ತಿದ್ದರು. ನುಂಗಲೂ ಆಗದೆ ಉಗುಳಲೂ ಆಗದೆ, ಕೊನೆಗೆ ನಡೆದದ್ದನ್ನೆಲ್ಲ ಒಪ್ಪಿಸಿಬಿಟ್ಟೆ. ಅವರ ಕೈ ತಟ್ಟೆಯಲ್ಲೇ ನಿಂತಿತು. ಇಷ್ಟು ವರ್ಷದ ವ್ರತ! ಅವರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

"ಈ ಮನುಷ್ಯನ್ನ ನಂಬಿ ಅಮ್ಮ ಬಲ್ಬಿಗೆ ಕೈಮುಗಿಯೋ ಹಾಗಾಯ್ತಲ್ಲ!" ಎಂದಳು ವನಜ.

ಅತ್ತೆ ಮತ್ತೆ ಅನ್ನಕ್ಕೆ ಕೈ ಹಾಕಿದರು. "ನಾನು ಚಂದ್ರ ಅಂತ್ಲೇ ಕೈಮುಗಿದೆ. ನಂದೇನೂ ತಪ್ಪಿಲ್ಲ. ದೋಷ ತೋರಿಸ್ದೋರಿಗೆ. ಮುಂದಿನ ಸಂಕಷ್ಟಿ ಉಪವಾಸ ನೀವು ಮಾಡಿ ದೋಷ ಕಳ್ಕೊಳ್ಳಿ ಅಳಿಯಂದ್ರೇ. ವನಜಾ, ಇನ್ನೊಂದು ಸೌಟು ಸಾರು ಹಾಕು."

ಮಾಡಿದೆ. ಬೆಳಗಿನಿಂದ ಬರಿಯ ನೀರು. ಸಂಜೆಗೆ ಮೋಡ ಕವಿಯಿತು. ಒಂಬತ್ತಾಯಿತು, ಒಂಬತ್ತೂವರೆಯಾಯಿತು, ಚಂದ್ರನ ಸುಳಿವಿಲ್ಲ. ಕೆಳಗಿನಿಂದ ಒಗ್ಗರಣೆಯ ವಾಸನೆ ತಾರಸಿಗೇ ಹತ್ತಿ ಬಂತು. ಕಣ್ಣು ಕತ್ತಲೆಗಟ್ಟಿತು. ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅಪಾರ್ಟ್‌ಮೆಂಟಿನ ಕಡೆ ತಿರುಗಿ ಮೆಲ್ಲಗೆ ಕೂಗಿದೆ.

"ಅಣ್ಣಾ... ಟ್ಯಾಂಕ್ ಲೈಟು ಒಂದ್ಸಲ ಹಾಕ್ತೀರಾ?"